ನಿಂತದ್ದು ಬೇಡ

ಹನ್ನೊಂದು ವರ್ಷದಿಂದ ನನ್ನ ಬಾಯಲ್ಲಿ ಒಂದೇ ಮಾತು:
ಅಲುಗಬೇಡಿ.
ಪಾಸ್‌ಪೋರ್ಟಿಗೆ, ಪರೀಕ್ಷೆಗೆ,
ದುಬೈಗೆ ಮನೆಗೆಲಸಕ್ಕೆ ಹೊರಟ ಹುಡುಗಿಯರಿಗೆ
ಗದ್ದ ಎತ್ತಿ, ಕಿವಿ ಕಾಣಲಿ, ನಗು ಬೇಡ.
ಹಿಂದೆ ಬಿಳಿ ಬಟ್ಟೆ, ಮುಂದೆ ಸ್ಟೂಲು.
ನೈರೋಬಿಯ ಅರ್ಧ ಜನ
ಉಸಿರು ಬಿಗಿಹಿಡಿದದ್ದು ನನ್ನ ಅಂಗಡಿಯಲ್ಲೇ.

ಅಲ್ಲಿಗೆ ಬಂದ ಒಡೇರಾ,
ಮಟಾಟು ಬಸ್ಸಿನ ಬಾಗಿಲಲ್ಲಿ ಜೋತಾಡುತ್ತಲೇ ಬೆಳೆದವನು,
ಸ್ಟೂಲಿನ ಮೇಲೆ ಕೂರಲಿಲ್ಲ.
"ಕೆಮುಂಟೊ ಅಕ್ಕಾ, ನನ್ನ ಗಾಡಿಯ ಫೋಟೋ ಬೇಕು.
ನಿಂತದ್ದು ಬೇಡ, ನಿಂತದ್ದು ಎಲ್ಲರ ಹತ್ತಿರವೂ ಇದೆ.
ಓಡುತ್ತಿರಬೇಕು."

ಗಾಡಿಯ ಹೆಸರು ಪೋಲೆ ಪೋಲೆ.
ಮೆಲ್ಲಗೆ, ಮೆಲ್ಲಗೆ ಎಂದರ್ಥ.
ಅದು ಮೆಲ್ಲಗಾದದ್ದನ್ನು
ಎನ್‌ಗಾಂಗ್ ರಸ್ತೆ ಇನ್ನೂ ಕಂಡಿಲ್ಲ.

ಮೊದಲ ದಿನ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಹೊಡೆದೆ.
ಚಕ್ರದ ನಟ್ಟು ಎಣಿಸಬಹುದು, ಅಷ್ಟು ಸ್ಪಷ್ಟ.
ಒಡೇರಾ ಹಿಡಿದು ನೋಡಿದ, ತಲೆ ಕೆರೆದ:
"ಕೆಟ್ಟು ನಿಂತಿದೆಯಲ್ಲಕ್ಕಾ ಇದು?"

ಹೌದು.
ಅದಕ್ಕೂ ಅಲುಗಬೇಡ ಅಂದಿದ್ದೆ ನಾನು.

ಮಾರನೆಯ ದಿನ ಮೂವತ್ತರಲ್ಲೊಂದು.
ಸುಟ್ಟ ಜೋಳ ಮಾರುವ ಮುಂಬುವಾಳ ಒಲೆಯ ಪಕ್ಕ ನಿಂತೆ.
ಕೆಂಪು ಗಾಡಿ, ನೀಲಿ ಗಾಡಿ, ಆಂಬುಲೆನ್ಸು,
ಬಂದದ್ದಕ್ಕೆಲ್ಲ ತಿರುಗಿದೆ.
ಬಂದದ್ದೆಲ್ಲ ಕಲಸಿದ ಗಂಜಿ.
"ಕತ್ತು ಉಳುಕೀತು ಕಣೇ," ಅಂದಳು ಮುಂಬುವಾ,
ಅರ್ಧ ಜೋಳ ಮುರಿದುಕೊಟ್ಟಳು. ಉಪ್ಪು, ಖಾರ, ನಿಂಬೆ.

ಗಾಡಿ ಎಲ್ಲಿ ಸಿಗಬೇಕೋ ಅತ್ತ ಪಾದ ಊರು.
ಸೊಂಟ ಮಾತ್ರ ಅದು ಬರುವ ಕಡೆಗೆ,
ಹಗ್ಗಕ್ಕೆ ಹುರಿ ಕೊಟ್ಟ ಹಾಗೆ.
ಮೊಣಕೈ ಪಕ್ಕೆಗೆ ಒತ್ತಿರಲಿ.
ದೂರದಲ್ಲೇ ಹಿಡಿ, ಹತ್ತಿರ ಬಂದ ಮೇಲೆ ತಡ.
ಹುರಿ ಬಿಚ್ಚುತ್ತ ಅದರ ಜೊತೆಗೇ ತಿರುಗು,
ನಡುವೆ ಎಲ್ಲೋ ಬೆರಳು ಒತ್ತಲಿ
ಮೈಗೆ ಸುದ್ದಿ ಮುಟ್ಟದ ಹಾಗೆ.
ಒತ್ತಿಯಾದ ಮೇಲೂ ತಿರುಗುತ್ತಿರು, ತಿರುಗುತ್ತಿರು.
ನಾನು ಸೋಲುತ್ತಿದ್ದುದು ಅಲ್ಲೇ:
ಸಿಕ್ಕಿತು ಅನ್ನಿಸಿದ್ದೇ ತಡ
ಮೈ ನಿಂತುಬಿಡುತ್ತಿತ್ತು.
ಇಷ್ಟನ್ನೂ ಹೇಳಿಕೊಟ್ಟದ್ದು
ತೊಂಬತ್ತಾರು ಕೆಟ್ಟ ಫೋಟೋಗಳು.

ತೊಂಬತ್ತೇಳನೆಯದರಲ್ಲಿ
ಗಾಡಿಯ ಮೈಮೇಲಿನ ಹಸಿರು ಸಿಂಹ, ಹಲ್ಲು ಸಮೇತ.
ಒಂದು ಕೈ ಬಾಗಿಲಿಗೆ, ಒಂದು ಕಾಲು ಗಾಳಿಗೆ ಕೊಟ್ಟ ಒಡೇರಾ,
ಮುಖ ಮಾತ್ರ ಸ್ಟೂಲಿನ ಮೇಲೆ ಕೂತಷ್ಟು ನೆಟ್ಟಗೆ.
ಚಕ್ರಗಳು ಕರಗಿ ಬಿಲ್ಲೆ.
ಹಿಂದಿನ ಬ್ಯಾಂಕು, ಜಕರಾಂಡದ ನೇರಳೆ, ಚಪ್ಪಲಿ ಅಂಗಡಿ
ಎಲ್ಲದರ ಮೇಲೂ ಬಾಚಣಿಗೆ ಎಳೆದಿದೆ.
ದಿನಾ ಕೈ ಚಾಚುವ ಟ್ರಾಫಿಕ್ ಪೊಲೀಸು
ನಿಂತ ತಪ್ಪಿಗೆ ಒಂದು ನೀಲಿ ಗೀರು.

ಒಡೇರಾ ಹೊಟ್ಟೆ ಹಿಡಿದು ನಕ್ಕ:
"ನೂರರ ನೋಟು ಕೊಡದೆ
ಇವನನ್ನು ದಾಟಿದ್ದು ಇದೇ ಮೊದಲು!"
ಎರಡು ಪ್ರತಿ ಕೊಂಡ. ಒಂದರ ದುಡ್ಡು ಕೊಟ್ಟ.

ಉಳಿದವನ್ನೆಲ್ಲ ಅಳಿಸಿದೆ,
ಅರವತ್ತೊಂದನೆಯದನ್ನು ಬಿಟ್ಟು.
ಅದು ತೋಳು ಸೋತ ಹೊತ್ತು.
ಪೋಲೆ ಪೋಲೆ ಮುಂದೆ ಹೋಗಿಬಿಟ್ಟಿತ್ತು,
ಉಳಿದದ್ದು ಹಸಿರು ಹೊಗೆ.
ಅದರ ಈಚೆ ಸೈಕಲ್ಲಿನ ಮೇಲೆ ಯಾರೋ,
ಬೆನ್ನ ಹಿಂದೆ ಏಳು ಅಂತಸ್ತು ಬ್ರೆಡ್ಡಿನ ಕ್ರೇಟು,
ಬಾಯಲ್ಲಿ ಕಚ್ಚಿಕೊಂಡ ಚೀಟಿ.
ಚೀಟಿಯ ಮಡಿಕೆಯೂ ಕಾಣುತ್ತದೆ.
ರಸ್ತೆಯಲ್ಲಿ ಅವನನ್ನು ನಾನು ನೋಡಿರಲೇ ಇಲ್ಲ.
ನನ್ನ ಸೋತ ಕೈ
ಅಷ್ಟು ದೂರ ಅವನ ಪಕ್ಕದಲ್ಲೇ ಹೋಗಿತ್ತು.

ಬಿಳಿ ಬಟ್ಟೆಯ ಪಕ್ಕ ಮೊಳೆ ಹೊಡೆದು ತೂಗುಹಾಕಿದ್ದೇನೆ.
ಪಾಸ್‌ಪೋರ್ಟಿಗೆ ಬಂದವರು ಅತ್ತ ತಿರುಗುತ್ತಾರೆ,
ನಿಮ್ಮವರಾ? ಅನ್ನುತ್ತಾರೆ.
ಯಾರೋ ಗೊತ್ತಿಲ್ಲ, ಅನ್ನುತ್ತೇನೆ.
ಗದ್ದ ಸ್ವಲ್ಪ ಎತ್ತಿ.